ರಾಜಿಗೆ ನಾನು ಬರುವುದಿಲ್ಲ



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಾನು ತೋಟದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಮನೆಯ ಮುಂದೆ ಕಾರೊಂದು ಬಂದು ನಿಂತಿತು. ಇಳಿದವರು ನಾಲ್ವರು. ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು, ಒಬ್ಬರು ನಮಗೆ ದೂರದ ಸಂಬಂಧಿಕರು, ಮತ್ತೊಬ್ಬರು ಸುತ್ತಲ ಹಳ್ಳಿಗಳಲ್ಲಿ ನಾಲ್ಕು ಜನ ಮಾತು ಕೇಳುವಂಥ ಹಿರಿಯರು. ಹಣ್ಣಿನ ಚೀಲವನ್ನು ಜಗುಲಿಯ ಮೇಲಿಟ್ಟರು. ಕಾಫಿಯಾಯಿತು. ಮಳೆಯ ಮಾತು, ಕೊಬ್ಬರಿ ಧಾರಣೆಯ ಮಾತು, ಯಾರ ಮಗಳಿಗೆ ಎಲ್ಲಿ ಸಂಬಂಧ ಕುದುರಿತೆಂಬ ಮಾತು ಎಲ್ಲ ಮುಗಿದ ಮೇಲೆ ಬಂದ ಕಾರ್ಯವನ್ನು ತಿಳಿಸಿದರು. ನಾನು ಒಪ್ಪಲಿಲ್ಲ. ಆ ದಿನದಿಂದ ಈವರೆಗೆ ಬಂದ ದೂರವಾಣಿ ಕರೆಗಳಿಗೆ ಲೆಕ್ಕವಿಲ್ಲ. ಒಂದು ನಾಮಕರಣದ ಊಟದ ಪಂಕ್ತಿಯಲ್ಲಿ ನನ್ನ ಬೆನ್ನ ಹಿಂದೆಯೇ ಒಬ್ಬರು, "ಮೇಷ್ಟ್ರಿಗೆ ವಯಸ್ಸಾಯ್ತು, ಹಟ ಜಾಸ್ತಿ ಆಗಿದೆ" ಎಂದರಂತೆ. ಆಗಿರಬಹುದು. ಆದರೆ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಬರೆದುಬಿಡುವುದು ಮೇಲೆಂದು ಕುಳಿತಿದ್ದೇನೆ.

ನಡೆದದ್ದು ಇಷ್ಟು. ನನ್ನ ಶಿಷ್ಯನೊಬ್ಬನ ಮಗ ಕಾಲೇಜಿನ ಕೊನೆಯ ವರ್ಷದಲ್ಲಿ ಓದುತ್ತಿದ್ದಾನೆ. ಬೆಳಗಿನ ಬಸ್ಸಿನ ಬಾಗಿಲಲ್ಲಿ ಜೋತಾಡುತ್ತಿದ್ದವನನ್ನು ನಿರ್ವಾಹಕ ಒಳಗೆ ಬರುವಂತೆ ಹೇಳಿದ್ದಾನೆ. ಎರಡನೆಯ ಸಲ ಹೇಳಿದಾಗ ಮಾತು ಬೆಳೆದಿದೆ. ಮೂರನೆಯ ಸಲ ಶಿಳ್ಳೆ ಊದಿ ಬಸ್ಸನ್ನೇ ನಿಲ್ಲಿಸಿದಾಗ ಹುಡುಗ ಕೆನ್ನೆಗೆ ಬಾರಿಸಿದ್ದಾನೆ. ಜೊತೆಗಿದ್ದ ಇಬ್ಬರು ಕೊರಳಪಟ್ಟಿ ಹಿಡಿದು ಎಳೆದಿದ್ದಾರೆ, ಟಿಕೆಟ್ ಯಂತ್ರ ಕೆಳಗೆ ಬಿದ್ದು ಒಡೆದಿದೆ. ನಿರ್ವಾಹಕನ ಎಡಗಿವಿಯ ತಮಟೆ ಹರಿದಿದೆ. ಆತ ದೂರು ಕೊಟ್ಟಿದ್ದಾನೆ, ಮೊಕದ್ದಮೆ ದಾಖಲಾಗಿದೆ. ಆತ ನಮ್ಮ ಬೀದಿಯಲ್ಲೇ ಬಾಡಿಗೆಗೆ ಇದ್ದು, ರಜೆಯ ದಿನ ಸಂಜೆ ಪತ್ರಿಕೆ ಓದಲು ನನ್ನ ಜಗುಲಿಗೆ ಬರುವವನಾದ್ದರಿಂದ, ನಾನು ಒಂದು ಮಾತು ಹೇಳಿದರೆ ಕೇಳುತ್ತಾನೆಂಬುದು ಬಂದವರ ಲೆಕ್ಕಾಚಾರ.

ಲೆಕ್ಕಾಚಾರ ತಪ್ಪೇನಲ್ಲ. ಹೇಳಿದ್ದರೆ ಕೇಳುತ್ತಿದ್ದನೇನೋ. ಆದುದರಿಂದಲೇ ಹೇಳಲಿಲ್ಲ.

ಬಂದವರು ಮುಂದಿಟ್ಟ ಮೊದಲನೆಯ ವಾದ ಹುಡುಗನ ಭವಿಷ್ಯದ್ದು. "ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಷನ್ ಬರುತ್ತೆ ಸಾರ್, ಈ ಕೇಸಿದ್ರೆ ಎಲ್ಲಾ ಹಾಳು" ಎಂದು ಹುಡುಗನ ತಂದೆ ಕಣ್ಣಲ್ಲಿ ನೀರು ತಂದುಕೊಂಡ. ನನ್ನ ಕೈಯಲ್ಲಿ ಓದಿದ ಹುಡುಗ ಅವನು. ಅವನ ಕಣ್ಣೀರು ನನಗೆ ಹಗುರವಾದುದಲ್ಲ. ಆದರೆ ನಾಲ್ವರೂ ಕುಳಿತಿದ್ದ ಆ ಒಂದೂವರೆ ಗಂಟೆಯಲ್ಲಿ ಯಾರೊಬ್ಬರೂ ನಿರ್ವಾಹಕನ ಕಿವಿ ಈಗ ಹೇಗಿದೆ ಎಂದು ಕೇಳಲಿಲ್ಲ. ನಾನು ಇದನ್ನು ಗಮನಿಸುತ್ತಲೇ ಇದ್ದೆ. ಕಿವಿ ಮಂದವಾದ ನಿರ್ವಾಹಕ ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುದುಕಿಯೊಬ್ಬಳು "ಇಳಿಸಪ್ಪಾ" ಎಂದು ಕೂಗಿದ್ದನ್ನು ಹೇಗೆ ಕೇಳಿಸಿಕೊಳ್ಳಬೇಕು? ಅವನಿಗೂ ಭವಿಷ್ಯವೆಂಬುದೊಂದಿದೆ. ಎರಡು ಮಕ್ಕಳಿವೆ, ಊರಲ್ಲಿ ಸಾಲವಿದೆ.

ಆತ ಉತ್ತರ ಕರ್ನಾಟಕದವನು. ನಮ್ಮ ಕಡೆಯ ಬಸ್ಸುಗಳಲ್ಲಿ ಅಂಥವರು ಬಹಳ ಮಂದಿ ಇದ್ದಾರೆಂಬುದು ನಿಮಗೆ ತಿಳಿದದ್ದೇ. ಅವನ ಪರವಾಗಿ ಕಾರು ಮಾಡಿಕೊಂಡು ಬಂದು ಮಾತನಾಡಲು ಇಲ್ಲಿ ಅವನ ಸೋದರಮಾವನಿಲ್ಲ, ಜಾತಿಯ ಮುಖಂಡನಿಲ್ಲ, ಹಳೆಯ ಮೇಷ್ಟ್ರಿಲ್ಲ. ರಾಜಿ ಪಂಚಾಯಿತಿ ಎಂದು ನಾವು ಯಾವುದನ್ನು ಗೌರವದಿಂದ ಕರೆಯುತ್ತೇವೆಯೋ ಅದರಲ್ಲಿ ಒಂದು ಕಡೆ ಹದಿನೈದು ಜನ ಇರುತ್ತಾರೆ, ಇನ್ನೊಂದು ಕಡೆ ಒಬ್ಬನೇ ಇರುತ್ತಾನೆ. ಹದಿನೈದು ಜನ ಸೇರಿ ಒಬ್ಬನಿಂದ ಕ್ಷಮೆಯನ್ನು ಕಿತ್ತುಕೊಳ್ಳುವುದನ್ನು ನಾವು ದೊಡ್ಡತನವೆನ್ನುತ್ತೇವೆ.

ನನ್ನ ಸಂಬಂಧಿಕರು ಮೆಲ್ಲಗೆ ಇನ್ನೊಂದು ಮಾತನ್ನೂ ತೇಲಿಬಿಟ್ಟರು. ರಾಜಿಗೆ ಬಾರದಿದ್ದರೆ, ಬಸ್ಸಿನಲ್ಲಿದ್ದ ಹುಡುಗಿಯೊಬ್ಬಳಿಂದ ಆತನ ಮೇಲೆಯೇ ಒಂದು ದೂರು ಕೊಡಿಸುವ ಯೋಚನೆಯೂ ಇದೆಯೆಂದು. ಇದನ್ನು ಕೇಳಿ ನಾನು ಎದ್ದು ಒಳಗೆ ಹೋದೆ. ಬಂದವರಿಗೆ ಅದೇ ಅವಮಾನವಾಗಿ ಕಂಡಿದೆ. ಹಾಗೆ ಕಾಣಲೆಂದೇ ಹೋದದ್ದು.

2025ರ ಫೆಬ್ರವರಿಯಲ್ಲಿ ಬೆಳಗಾವಿಯ ಬಳಿ ನಡೆದದ್ದನ್ನು ನೀವೆಲ್ಲ ದೂರದರ್ಶನದಲ್ಲಿ ನೋಡಿದ್ದೀರಿ. ಟಿಕೆಟ್ ಕೊಡುವಾಗ ತನಗೆ ಮರಾಠಿ ಬಾರದು, ಕನ್ನಡದಲ್ಲಿ ಹೇಳಿ ಎಂದ ನಿರ್ವಾಹಕನನ್ನು ಗುಂಪು ಕಟ್ಟಿಕೊಂಡು ಹೊಡೆದರು. ಅದು ಸಾಲದೆಂದು ಅವನ ಮೇಲೆಯೇ ಪೋಕ್ಸೋ ಕಾಯ್ದೆಯಡಿ ದೂರು ದಾಖಲಾಯಿತು. ದೂರು ಕೊಟ್ಟವರೇ ಆಮೇಲೆ ಅದನ್ನು ಮುಂದುವರಿಸುವುದಿಲ್ಲವೆಂದರು. ಇಡೀ ನಾಡು ಕೆರಳಿತು. ಎರಡು ರಾಜ್ಯಗಳ ನಡುವೆ ಬಸ್ಸುಗಳ ಓಡಾಟಕ್ಕೆ ಅಡ್ಡಿಯಾಯಿತು. ಮಾರ್ಚ್ 22ರಂದು ಕರ್ನಾಟಕ ಬಂದ್‌ಗೆ ಕರೆ ಬಂತು. ಮೊನ್ನೆ ನನ್ನ ಜಗುಲಿಯಲ್ಲಿ ಕುಳಿತಿದ್ದ ನಾಲ್ವರಲ್ಲಿ ಒಬ್ಬರು ಆಗ ನನಗೆ ಕರೆ ಮಾಡಿ, "ಕನ್ನಡದ ಕಂಡಕ್ಟರ್ ಮೇಲೆ ಕೈ ಮಾಡ್ತಾರೆ ಅಂದ್ರೆ ಏನ್ ಸಾರ್ ಇದು" ಎಂದು ಕುದಿದಿದ್ದರು. ಈಗಲೂ ಹೊಡೆಸಿಕೊಂಡವನು ಕನ್ನಡದ ಕಂಡಕ್ಟರನೇ. ಹೊಡೆದವನು ನಮ್ಮವನಾದ ಕೂಡಲೇ ಅದು ಹುಡುಗಾಟಿಕೆಯಾಯಿತು. ಅಲ್ಲಿ ಹೊಡೆದವರು ಹೂಡಿದ ಉಪಾಯವನ್ನೇ ಇಲ್ಲಿ ನಾವೂ ಹೂಡಲು ಸಿದ್ಧರಾದೆವು.

ಕಾನೂನಿನ ಮಾತಿಗೆ ಬರುತ್ತೇನೆ. ಸಾರ್ವಜನಿಕ ನೌಕರನು ತನ್ನ ಕರ್ತವ್ಯ ಮಾಡದಂತೆ ತಡೆಯಲು ಅವನ ಮೇಲೆ ಹಲ್ಲೆ ಮಾಡುವುದು ಹಳೆಯ ಭಾರತೀಯ ದಂಡ ಸಂಹಿತೆಯ 353ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 132ನೆಯ ಕಲಮು. ಎರಡು ವರ್ಷದವರೆಗೆ ಸೆರೆ. ಹಾಗೆ ತಡೆಯಲೆಂದು ಗಾಯಗೊಳಿಸಿದರೆ 121ನೆಯ ಕಲಮು, ಐದು ವರ್ಷದವರೆಗೆ. ಇವು ಫಿರ್ಯಾದಿ ಮತ್ತು ಆರೋಪಿ ತಮ್ಮತಮ್ಮಲ್ಲೇ ರಾಜಿ ಮಾಡಿಕೊಂಡು ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಯಾಕೆ ಇಲ್ಲವೆಂಬುದನ್ನು ಸ್ವಲ್ಪ ಯೋಚಿಸಿ. ಪೆಟ್ಟು ಬಿದ್ದದ್ದು ಆ ಮನುಷ್ಯನ ಕೆನ್ನೆಯ ಮೇಲಾದರೂ, ತಡೆದು ನಿಂತದ್ದು ನಮ್ಮೆಲ್ಲರ ಕೆಲಸ. ಆ ದಿನ ಆ ಬಸ್ಸಿನಲ್ಲಿ ಆಸ್ಪತ್ರೆಗೆ ಹೊರಟವರಿದ್ದರು, ಪರೀಕ್ಷೆಗೆ ಹೊರಟವರಿದ್ದರು. ಆದುದರಿಂದ ಕ್ಷಮಿಸಿಬಿಡುವ ಅಧಿಕಾರ ಅವನೊಬ್ಬನಿಗಿಲ್ಲ, ನನಗಂತೂ ಇಲ್ಲವೇ ಇಲ್ಲ.

ಹಾಗಾದರೆ ನಾವು ಮಾಡಿಸುವ ರಾಜಿಯೆಂದರೇನು? ಮೊಕದ್ದಮೆಗೆ ಮುಂಚೆಯಾದರೆ ದೂರು ಕೊಡದಂತೆ ತಡೆಯುವುದು. ಅನಂತರವಾದರೆ, ಸಾಕ್ಷಿ ಕಟ್ಟೆಯಲ್ಲಿ ನಿಂತು "ಯಾರು ಹೊಡೆದರೋ ನೆನಪಿಲ್ಲ ಸ್ವಾಮಿ" ಎಂದು ಪ್ರಮಾಣ ಮಾಡಿ ಸುಳ್ಳು ಹೇಳಿಸುವುದು. ಸತ್ಯ ಹೇಳಿರೆಂದು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಪಾಠ ಮಾಡಿದ ಮನುಷ್ಯನ ಬಳಿ ಬಂದು, ಒಬ್ಬ ಗಾಯಾಳುವಿಗೆ ಸುಳ್ಳು ಹೇಳಲು ಕಲಿಸಿ ಎಂದು ಕೇಳುತ್ತಿದ್ದೀರಿ.

ನಾನೇನೂ ಹುಟ್ಟಿನಿಂದ ಇಷ್ಟು ಕಠಿಣನಲ್ಲ. ಒಮ್ಮೆ ಇಂಥದೇ ರಾಜಿಗೆ ಹೋಗಿದ್ದೆ, ಅದನ್ನು ನಾನೇ ಮುಂದೆ ನಿಂತು ಮಾಡಿಸಿದ್ದೆ. ಈವರೆಗೆ ಇದನ್ನು ಬರೆದಿಲ್ಲ. ಈಗ ಬರೆಯದಿದ್ದರೆ ಮೇಲಿನ ಮಾತುಗಳನ್ನು ಆಡುವ ಹಕ್ಕು ನನಗಿಲ್ಲ.

2011ರ ಏಪ್ರಿಲ್ ತಿಂಗಳು. ನಾನಿನ್ನೂ ಸೇವೆಯಲ್ಲಿದ್ದೆ. ತುರುವೇಕೆರೆ ಸೀಮೆಯ ಒಂದು ಹಳ್ಳಿಯಲ್ಲಿ ನನ್ನ ಶಿಷ್ಯನೊಬ್ಬ ಲೈನ್‌ಮನ್ ಆಗಿದ್ದ. ವಿದ್ಯುತ್ ಕಂಪನಿ ಬೇರೆಯಾಗಿ ಹತ್ತು ವರ್ಷವಾಗುತ್ತ ಬಂದಿದ್ದರೂ ಊರವರ ಬಾಯಲ್ಲಿ ಅವನು "ಕೆಇಬಿಯವನು". ತೆಂಗಿನ ಸೀಮೆಯ ಲೈನ್‌ಮನ್‌ನ ಕಷ್ಟ ಬಯಲುಸೀಮೆಯ ಬೇರೆ ಕಡೆಯವರಿಗೆ ಅರ್ಥವಾಗುವಂಥದಲ್ಲ. ಇಲ್ಲಿ ತಂತಿ ಹೋಗುವುದು ಹೊಲದ ಮೇಲಲ್ಲ, ತೋಟದ ನಡುವೆ. ಮುಂಗಾರಿನ ಗಾಳಿಗೆ ಮುಂಚೆ ತಂತಿಗೆ ತಾಗುವ ಗರಿಗಳನ್ನು ಕಡಿಯಲೇಬೇಕು. ಕಡಿದರೆ ತೋಟದವನಿಗೆ ನಷ್ಟ: ಹಸಿ ಗರಿ ಹೋದರೆ ಅದರ ಕಂಕುಳಲ್ಲಿ ಕುಳಿತ ಗೊನೆಗೆ ಆಧಾರವಿಲ್ಲದೆ ಜೋತು ಬೀಳುತ್ತದೆ. ಕಡಿಯದಿದ್ದರೆ ಊರಿಗೆಲ್ಲ ಕತ್ತಲೆ. ಅಡಕತ್ತರಿಯಲ್ಲಿ ಸಿಕ್ಕಿಕೊಂಡವನು ಲೈನ್‌ಮನ್.

ಆ ದಿನ ಆತ ನಾಲ್ಕು ಮರಗಳ ಗರಿ ಕಡಿದು ಕೆಳಗಿಳಿದಾಗ ತೋಟದ ಯಜಮಾನನ ಮಗ ಬಂದು, ಅವನೇ ಕಡಿದು ಕೆಡವಿದ್ದ ಗರಿಯ ಹಸಿ ದಿಂಡಿನಿಂದ ಅವನನ್ನು ಬಡಿದ. ಬಲಗೈ ಮಣಿಕಟ್ಟು ಮುರಿಯಿತು. ಹೊಡೆದವನೂ ನನ್ನ ಶಿಷ್ಯನೇ. ಇಬ್ಬರೂ ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ತರಗತಿಯಲ್ಲಿ ಕುಳಿತವರು. ಎರಡೂ ಕಡೆಯವರಿಗೆ ಗುರುಗಳೆಂದು ನನ್ನನ್ನು ಕರೆದೊಯ್ದರು. ದೇವಸ್ಥಾನದ ಅಂಗಳದಲ್ಲಿ ಜನ ಸೇರಿದ್ದರು. ನಾನು ಸಮಾಧಾನ, ಸಹನೆ, ಒಂದೇ ಊರಿನಲ್ಲಿ ಬಾಳಬೇಕಾದವರು ಎಂದೆಲ್ಲ ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆನೆಂದು ಆಗ ನನಗೆ ಹೆಮ್ಮೆಯೂ ಆಗಿತ್ತು. ಆಸ್ಪತ್ರೆಯ ಖರ್ಚೆಂದು ಐದು ಸಾವಿರ ರೂಪಾಯಿ ಕೊಡಿಸಿದೆವು. ಇನ್ನು ದೂರು ಕೊಡುವುದಿಲ್ಲವೆಂದು ಒಂದು ಹಾಳೆಯಲ್ಲಿ ಬರೆಸಿದೆವು. ಬಲಗೈ ಕಟ್ಟಿನಲ್ಲಿದ್ದುದರಿಂದ ಅವನು ಎಡಗೈಯಲ್ಲಿ ಸಹಿ ಮಾಡಿದ. ಮೊದಲನೆಯ ತರಗತಿಯ ಮಗುವಿನ ಅಕ್ಷರದ ಹಾಗಿತ್ತು ಆ ಸಹಿ. "ನೀವು ಹೇಳಿದ ಮೇಲೆ ಇನ್ನೇನಿದೆ ಸಾ" ಎಂದ. ಅದನ್ನು ನಾನು ಗುರುಭಕ್ತಿಯೆಂದುಕೊಂಡೆ. ಆ ಸಂಜೆ ಹೊಡೆದವನ ಮನೆಯಲ್ಲಿ ಹೋಳಿಗೆ ಊಟವನ್ನೂ ಉಂಡು ಬಂದೆ.

ಮುಂದಿನ ವರ್ಷ ಆ ತೋಟಕ್ಕೆ ಯಾರೂ ಗರಿ ಕಡಿಯಲು ಹೋಗಲಿಲ್ಲ. ಅವನೂ ಹೋಗಲಿಲ್ಲ, ಅವನ ಜೊತೆಯವರೂ ಹೋಗಲಿಲ್ಲ. ಹೋಗಿ ಎಂದು ಹೇಳುವ ಮುಖ ಯಾರಿಗಿತ್ತು? ಗಾಳಿಮಳೆಯ ಒಂದು ರಾತ್ರಿ ಗರಿ ತಂತಿಯ ಮೇಲೆ ಬಿದ್ದು ತಂತಿ ಹರಿಯಿತು. ಬೆಳಗಿನ ಜಾವ ಒಂದು ಹಸು ಅದನ್ನು ತುಳಿದು ಸತ್ತಿತು. ಅದು ಹೊಡೆದವನ ಹಸುವಲ್ಲ, ಅದೇ ತೋಟಕ್ಕೆ ಕೂಲಿಗೆ ಬರುತ್ತಿದ್ದ ಹೆಣ್ಣುಮಗಳದು. ಹಾಲು ಹಾಕಿ ಮಗನನ್ನು ಓದಿಸುತ್ತಿದ್ದವಳು. ಇಂಥ ಮಳೆಗಾಲದಲ್ಲಿ ಹಸುವಿನ ಬದಲು ಅವಳೇ ಬೇಗ ಎದ್ದು ಆ ದಾರಿಯಲ್ಲಿ ಬಂದಿದ್ದರೆ ಎಂದು ಈಗಲೂ ಮೈ ಜುಮ್ಮೆನ್ನುತ್ತದೆ. ಲೈನ್‌ಮನ್ ಶಿಷ್ಯ ಆಮೇಲೆ ವರ್ಗ ಮಾಡಿಸಿಕೊಂಡು ಹೋದ. ಅವನ ಮಗಳ ಮದುವೆಗೆ ನನ್ನ ತರಗತಿಯವರಿಗೆಲ್ಲ ಪತ್ರಿಕೆ ಬಂದಿತ್ತು. ನನಗೆ ಬಂದಿರಲಿಲ್ಲ.

ಇನ್ನು, "ಸರ್ಕಾರಿ ನೌಕರರೇನು ಕಡಿಮೆಯೇ? ಅವರ ದರ್ಪ ನಿಮಗೆ ಗೊತ್ತಿಲ್ಲವೇ?" ಎಂಬ ಪ್ರಶ್ನೆ. ಗೊತ್ತಿದೆ. ನಿವೃತ್ತಿ ವೇತನದ ಒಂದು ಕಾಗದಕ್ಕೆ ನಾನೂ ಏಳು ಸಲ ಮೆಟ್ಟಿಲು ಹತ್ತಿ ಇಳಿದಿದ್ದೇನೆ. ಆದರೆ ಯಾರಾದರೂ ಆ ಮೇಲಿನ ಕೋಣೆಯೊಳಗಿನವರ ಕೊರಳಪಟ್ಟಿ ಹಿಡಿದದ್ದನ್ನು ನೋಡಿದ್ದೀರಾ? ಅಲ್ಲಿಗೆ ಹೋದಾಗ ನಾವು ಚಪ್ಪಲಿಯನ್ನೂ ಹೊರಗೆ ಬಿಡುತ್ತೇವೆ. 2024ರ ಆರಂಭದಲ್ಲಿ ನಮ್ಮ ತಾಲ್ಲೂಕುಗಳಲ್ಲಿ ನಾಫೆಡ್ ಮೂಲಕ ಉಂಡೆ ಕೊಬ್ಬರಿ ಖರೀದಿಗೆ ನೋಂದಣಿ ನಡೆದ ಕಾಲವನ್ನು ನೆನೆಯಿರಿ. ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ ಹತ್ತು ಸಾವಿರವೂ ಇಲ್ಲದಾಗ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯದ್ದು 1,500. ವರ್ಷವಿಡೀ ಅಟ್ಟದ ಮೇಲೆ ಕಾಯಿ ಒಣಗಿಸಿಟ್ಟವನಿಗೆ ಅದು ಬದುಕಿನ ಪ್ರಶ್ನೆ. ರೈತರು ರಾತ್ರಿಯೆಲ್ಲ ಸಾಲಿನಲ್ಲಿ ಮಲಗಿದರು. ನೋಂದಣಿಯಲ್ಲಿ ಅಕ್ರಮದ ಗಲಾಟೆಯಾಗಿ ನಿಂತು, ಮತ್ತೆ ಬೆರಳಚ್ಚು ಪಡೆದು ಶುರುವಾಯಿತು. ಆ ಸಾಲಿನಲ್ಲಿ ನನ್ನ ತಮ್ಮನೂ ಇದ್ದ. ಕೋಪ ನ್ಯಾಯವಾದದ್ದೇ. ಆದರೆ ಬೈಗುಳವೆಲ್ಲ ಬಿದ್ದದ್ದು ಕಿಟಕಿಯೊಳಗೆ ಗಣಕಯಂತ್ರದ ಮುಂದೆ ಕುಳಿತಿದ್ದ, ದಿನಗೂಲಿಯ ಹುಡುಗನ ಮೇಲೆ. ಬೆಲೆ ನಿಗದಿ ಮಾಡಿದವನು ಅವನಲ್ಲ, ಖರೀದಿಯ ಮಿತಿ ಹಾಕಿದವನು ಅವನಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿರ್ವಾಹಕನ ಕಥೆಯೂ ಅಷ್ಟೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸುಗಳು ತುಂಬಿವೆ. ಹೆಣ್ಣುಮಕ್ಕಳು ಹೊರಗೆ ಹೊರಟದ್ದು ನನಗೆ ಬಹಳ ಸಂತೋಷದ ವಿಷಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಜನರ ನಡುವೆ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಶೂನ್ಯ ದರದ ಟಿಕೆಟ್ಟನ್ನೂ ಹರಿದು ಕೊಡಬೇಕಾದವನು ಅವನೊಬ್ಬನೇ. ಕೊಡದೆ ಬಿಟ್ಟು ತನಿಖೆಯವರ ಕೈಗೆ ಸಿಕ್ಕರೆ ಶಿಕ್ಷೆ ಅವನಿಗೆ. ಬಾಗಿಲಲ್ಲಿ ಜೋತಾಡುವ ಹುಡುಗ ಬಿದ್ದು ಸತ್ತರೆ ಠಾಣೆಗೆ ಹೋಗುವವರು ಅವನು ಮತ್ತು ಚಾಲಕ. 2024ರ ಅಕ್ಟೋಬರ್ 1ರಂದು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ನಿರ್ವಾಹಕನೊಬ್ಬ ಇದೇ ಮಾತನ್ನೇ, ಬಾಗಿಲಿನಿಂದ ಒಳಗೆ ಬಾ ಎಂಬ ಮಾತನ್ನೇ, ಹೇಳಿ ಪ್ರಯಾಣಿಕನಿಂದ ಚಾಕುವಿನ ಇರಿತಕ್ಕೆ ಒಳಗಾದ. ನಮ್ಮ ಹುಡುಗನ ಕೈಯಲ್ಲಿ ಚಾಕುವಿರಲಿಲ್ಲ ಎಂಬುದು ಅವನ ಸದ್ಗುಣವೇನಲ್ಲ.

ಇಂಥ ಸುದ್ದಿಗಳನ್ನು ಓದುವಾಗ ನನಗೆ ಬಹಳ ಕಾಲ ನಿದ್ದೆ ಕೆಡಿಸಿದವು ಎರಡು. 2020ರ ಜುಲೈ 9ರಂದು ಬಂಗಾರಪೇಟೆಯ ತಹಶೀಲ್ದಾರ್ ಬಿ.ಕೆ. ಚಂದ್ರಮೌಳೇಶ್ವರ ಅವರು ಜಮೀನಿನ ತಕರಾರಿನ ಅಳತೆಗೆಂದು ಹಳ್ಳಿಗೆ ಹೋಗಿದ್ದಾಗ, ಪೊಲೀಸರು ಜೊತೆಗಿರುವಾಗಲೇ, ಇರಿತಕ್ಕೊಳಗಾಗಿ ತೀರಿಕೊಂಡರು. 2023ರ ಮೇ 10ರಂದು ಕೇರಳದ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ, ಪೊಲೀಸರು ಚಿಕಿತ್ಸೆಗೆಂದು ಕರೆತಂದಿದ್ದ ವ್ಯಕ್ತಿಯಿಂದ ಇರಿತಕ್ಕೊಳಗಾಗಿ ಯುವ ವೈದ್ಯೆ ವಂದನಾ ದಾಸ್ ತೀರಿಕೊಂಡರು. ಮೊದಲನೆಯ ಪ್ರಕರಣದ ಆರೋಪಿ ನಿವೃತ್ತ ಶಿಕ್ಷಕ. ಎರಡನೆಯದರ ಆರೋಪಿಯೂ ಶಾಲಾ ಶಿಕ್ಷಕ. ಎರಡರಿಂದ ಇಡೀ ವೃತ್ತಿಯನ್ನು ಅಳೆಯಬಾರದೆಂಬುದು ನನಗೂ ತಿಳಿದಿದೆ. ಆದರೂ ಆ ಸುದ್ದಿಗಳನ್ನು ಓದಿದಾಗ ನಾನು ನನ್ನ ಬಲಗೈಯನ್ನು ನೋಡಿಕೊಂಡೆ. ಈ ಕೈ ಎಷ್ಟು ಮಕ್ಕಳ ಮೇಲೆ ಎದ್ದಿದೆ! 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದು ಹೊಡೆಯುವುದು ನಿಷಿದ್ಧವಾಗುವವರೆಗೂ ನನ್ನ ಮೇಜಿನ ಮೇಲೆ ಬೆತ್ತವಿತ್ತು. "ಸಾರ್ ಹೊಡೆದದ್ದಕ್ಕೇ ನಾವು ಉದ್ಧಾರವಾದೆವು" ಎಂದು ನೀವು ಈಗಲೂ ಸಭೆಗಳಲ್ಲಿ ನಗುತ್ತ ಹೇಳುತ್ತೀರಿ, ನಾನೂ ನಕ್ಕಿದ್ದೇನೆ. ತಿರುಗಿ ಹೊಡೆಯಲಾರದವನನ್ನು ಹೊಡೆಯಬಹುದು, ಹೊಡೆದ ಮೇಲೂ ದೊಡ್ಡವರಾಗಿಯೇ ಇರಬಹುದು ಎಂಬ ಪಾಠವನ್ನು ನೀವು ನನ್ನಿಂದ ಕಲಿಯಲಿಲ್ಲವೆಂದು ನಾನು ಹೇಗೆ ಹೇಳಲಿ? ಕರ್ತವ್ಯದಲ್ಲಿರುವ ನಿರ್ವಾಹಕ, ನರ್ಸು, ಲೈನ್‌ಮನ್ ಇವರಾರೂ ತಿರುಗಿ ಹೊಡೆಯುವಂತಿಲ್ಲ. ಹೊಡೆದರೆ ಕೆಲಸ ಹೋಗುತ್ತದೆ. ಅದು ಹೊಡೆಯುವವನಿಗೂ ಗೊತ್ತಿದೆ.

ವೈದ್ಯರು, ದಾದಿಯರಿಗಾಗಿ ನಮ್ಮ ರಾಜ್ಯದಲ್ಲಿ 2009ರಲ್ಲೇ ಪ್ರತ್ಯೇಕ ಕಾಯ್ದೆ ಬಂದಿದೆ. ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯವರೆಗೆ ದಂಡ, ಹಾಳು ಮಾಡಿದ ಆಸ್ತಿಗೆ ಅದರ ಬೆಲೆಯ ಎರಡರಷ್ಟು ಪರಿಹಾರ ಎಂದು ಅದರಲ್ಲಿ ಬರೆದರು. ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ತಿದ್ದುಪಡಿ ತಂದು, ತೀವ್ರ ಗಾಯವಾದರೆ ಏಳು ವರ್ಷದವರೆಗೆ ಶಿಕ್ಷೆಯೆಂದಿತು. ಅದು ಸಾಂಕ್ರಾಮಿಕದ ಕಾಲಕ್ಕೆ ಸೀಮಿತ. ಆ ತಿದ್ದುಪಡಿಗೆ ಕಾರಣವಾದ ದಿನಗಳು ನೆನಪಿವೆಯೇ? 2020ರ ಮಾರ್ಚ್ 22ರ ಸಂಜೆ ನಾವೆಲ್ಲ ಬಾಗಿಲಲ್ಲಿ ನಿಂತು ಆರೋಗ್ಯ ಕಾರ್ಯಕರ್ತರಿಗಾಗಿ ತಟ್ಟೆ ಬಡಿದೆವು. ಏಪ್ರಿಲ್ 2ರಂದು ಬೆಂಗಳೂರಿನಲ್ಲೇ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯ ಮೇಲೆ ಹಲ್ಲೆಯಾಯಿತು. ನಾವು ಹಲ್ಲೆ ಮಾಡಿದವರ ಧರ್ಮದ ಬಗ್ಗೆ ತಿಂಗಳುಗಟ್ಟಲೆ ಮಾತನಾಡಿದೆವು. ಹೊಡೆಸಿಕೊಂಡವಳಿಗೆ ತಿಂಗಳಿಗೆ ಎಷ್ಟು ಬರುತ್ತದೆಂದು ಕೇಳಲಿಲ್ಲ. ಕನಿಷ್ಠ ಹತ್ತು ಸಾವಿರವಾದರೂ ಸಿಗಲೆಂದು ಆ ಹೆಣ್ಣುಮಕ್ಕಳು 2025ರ ಜನವರಿಯಲ್ಲಿಯೂ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಮಲಗಬೇಕಾಯಿತು.

ಅದೇ ವರ್ಷ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರು ಶಾಲಾ ಶಿಕ್ಷಕರು. ನಮ್ಮ ಕಡೆಯ ಕಿರಿಯ ಶಿಕ್ಷಕಿಯೊಬ್ಬಳು ದಸರಾ ರಜೆಯಲ್ಲಿ ಬಂದು ಹೇಳಿದಳು: ಒಂದು ಮನೆಯಲ್ಲಿ ನಾಯಿಯನ್ನು ಬಿಟ್ಟರು, ಇನ್ನೊಂದು ಮನೆಯಲ್ಲಿ ಬಾಯಿಗೆ ಬಂದಂತೆ ಬೈದರು. ಬೈದವರ ಮಗು ಅವಳ ತರಗತಿಯಲ್ಲೇ ಓದುತ್ತದೆ. ಮರುವಾರ ಆ ಮಗುವಿಗೆ ಅವಳು ಪಾಠ ಹೇಳಬೇಕು. ಹೇಳುತ್ತಾಳೆ ಕೂಡ.

ಕಾಯ್ದೆಗಳು ಸಾಲವೆಂದು ನಾನು ಹೇಳುವುದಿಲ್ಲ. ಕಾಯ್ದೆಯ ಮನೆಬಾಗಿಲಿಗೆ ಹೋಗುವ ಮುಂಚೆಯೇ ನಮ್ಮಂಥ ಮರ್ಯಾದಸ್ಥರು ದಾರಿಯಲ್ಲಿ ಅಡ್ಡ ನಿಂತಿರುತ್ತೇವೆ. ದೂರನ್ನು ಹೊಡೆಸಿಕೊಂಡ ನೌಕರನ ಹೆಗಲಿಗೇ ಬಿಡದೆ ಅವನ ಸಂಸ್ಥೆಯೇ ಕೊಡಬೇಕು. ಆಗ ಅವನ ಮನೆಬಾಗಿಲಿಗೆ ಹಣ್ಣಿನ ಚೀಲ ಹೋಗುವುದಿಲ್ಲ. ವಕೀಲರ ಖರ್ಚೂ, ವಿಚಾರಣೆಯ ದಿನದ ರಜೆಯೂ ಸಂಸ್ಥೆಯದೇ ಆಗಬೇಕು. ದಿನಗೂಲಿ, ಹೊರಗುತ್ತಿಗೆ ಎಂದು ಬೇರೆ ಮಾಡದೆ ಎಲ್ಲರಿಗೂ ಇದು ಅನ್ವಯಿಸಬೇಕು. ನನ್ನ ಶಿಷ್ಯರಲ್ಲಿ ವಕೀಲರಿದ್ದೀರಿ, ನೌಕರ ಸಂಘಗಳಲ್ಲಿದ್ದೀರಿ, ಒಬ್ಬರಿಬ್ಬರು ಅಧಿಕಾರಿಗಳೂ ಆಗಿದ್ದೀರಿ. ಇದು ನಿಮ್ಮಿಂದ ಆಗುವ ಕೆಲಸ. ಬಸ್ಸಿನಲ್ಲಿ ಆ ದಿನ ಐವತ್ತಕ್ಕಿಂತ ಹೆಚ್ಚು ಜನರಿದ್ದರಂತೆ. ಸಾಕ್ಷಿ ಹೇಳಲು ಮುಂದೆ ಬಂದಿರುವುದು ಈವರೆಗೆ ಒಬ್ಬಳೇ, ಹೂವು ಮಾರುವ ಒಬ್ಬ ಹೆಂಗಸು. ಓದಿದವರು ಯಾರಿಗೂ ಏನೂ ಕಂಡಿಲ್ಲವಂತೆ.

ಹುಡುಗನ ತಂದೆಗೆ ಒಂದು ಮಾತು. ಇದನ್ನು ನೀನು ಓದುತ್ತೀಯೆಂದು ನನಗೆ ಗೊತ್ತು. ನಿನ್ನ ಮಗನಿಗೆ ಒಳ್ಳೆಯ ವಕೀಲರನ್ನು ಗೊತ್ತು ಮಾಡು, ಅದು ಅವನ ಹಕ್ಕು. ಬೇಕಾದರೆ ನಾನೇ ಹೆಸರು ಹೇಳುತ್ತೇನೆ. ಅವನು ಮಾಡಿದ್ದನ್ನು ನ್ಯಾಯಾಧೀಶರ ಮುಂದೆ ತಾನೇ ಒಪ್ಪಿಕೊಂಡರೆ ಅವನ ವಯಸ್ಸನ್ನು, ಮೊದಲ ತಪ್ಪೆಂಬುದನ್ನು ಅವರು ಪರಿಗಣಿಸಬಹುದು. ತಪ್ಪೊಪ್ಪಿಕೊಂಡ ಮೊದಲ ಅಪರಾಧಿಯನ್ನು ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು 1958ರ ಪರಿವೀಕ್ಷಣಾ ಕಾಯ್ದೆಯೇ ಇದೆ. ಆ ದಾರಿ ಇರುವಾಗ ಈ ಹಿಂಬಾಗಿಲು ಏಕೆ? ಮಗನನ್ನು ಒಬ್ಬನನ್ನೇ ನನ್ನ ಬಳಿ ಕಳಿಸು. ಬೈಯುವುದಿಲ್ಲ. ಅವನಿಗೆ ಆ ಕಿವಿಯ ವಿಷಯ ಯಾರೂ ಹೇಳಿಲ್ಲವೆಂದು ನನ್ನ ಅನುಮಾನ.

ಉಳಿದವರು ಭಿನ್ನಾಭಿಪ್ರಾಯವಿದ್ದರೆ ಧಾರಾಳವಾಗಿ ಬರೆಯಿರಿ, ಉತ್ತರಿಸುತ್ತೇನೆ. ರಾಜಿಯ ವಿಷಯಕ್ಕಾಗಿ ಮಾತ್ರ ಮನೆಗೆ ಬರಬೇಡಿ. ಬೇರೆ ಯಾವ ಕಾರಣಕ್ಕಾದರೂ ಬನ್ನಿ. ಹಿತ್ತಲ ಮರದಲ್ಲಿ ಈ ಸಲ ಎಳನೀರು ಚೆನ್ನಾಗಿ ಬಿಟ್ಟಿದೆ. ಆ ಹಣ್ಣಿನ ಚೀಲ ಇನ್ನೂ ಇಲ್ಲೇ ಇದೆ. ಹಣ್ಣು ಕೆಟ್ಟಿತು, ಚೀಲವನ್ನು ಒಗೆದಿಟ್ಟಿದ್ದೇವೆ. ಯಾರದೋ ಅವರು ತೆಗೆದುಕೊಂಡು ಹೋಗಬಹುದು.